ಇಂಪಾಲಾದ ಬಾನೆಟ್ ಮೇಲಿನ ಕುಂಕುಮ

ನಮ್ಮವರ ಹೆಸರು ಗುರುರಾಜ. ಕಾರು ಹಿಂದಕ್ಕೆ ಹೋಗುವಾಗ ಕೀಂ ಕೀಂ ಎಂದು ಕೂಗುತ್ತದಲ್ಲ, ನಗೋಯಾದ ಒಂದು ಕಂಪನಿಯಲ್ಲಿ ಆ ಕೂಗಿನ ಸಾಫ್ಟ್‌ವೇರ್ ಬರೆಯುವುದು ಅವರ ಕೆಲಸ. ಗೋಡೆ ಎಷ್ಟು ಹತ್ತಿರ ಬಂದರೆ ಎಷ್ಟು ಜೋರಾಗಿ ಕೂಗಬೇಕು ಎನ್ನುವುದರಲ್ಲೇ ಆ ಮನುಷ್ಯ ಹದಿನೆಂಟು ವರ್ಷ ಕಳೆದಿದ್ದಾರೆ. ಅಂಥವರು ಮನಸ್ಸು ಕೊಟ್ಟಿದ್ದು ಯಾವುದಕ್ಕೆ ಗೊತ್ತೆ? ಕೂಗುವ ಮಾತಿರಲಿ, ಸೀಟ್ ಬೆಲ್ಟ್ ಕೂಡ ಇಲ್ಲದೆ ಕಾರ್ಖಾನೆಯಿಂದ ಹೊರಬಿದ್ದ, ಅರವತ್ತೈದು ವರ್ಷ ಹಳೆಯ ಅಮೆರಿಕದ ಕಾರಿಗೆ. ಕಟ್ಟಿಕೊಂಡವಳು ನಾನು, ಏನು ಹೇಳಲಿ.

ಈ ಹುಚ್ಚು ಹತ್ತಿದ್ದು ಮೈಸೂರಿನ ಶಿವರಾಂಪೇಟೆಯ ಒಂದು ರದ್ದಿ ಅಂಗಡಿಯಲ್ಲಿ. ಅಂಗಡಿ ಇವರ ಸೋದರಮಾವನದು. ಯಾರದೋ ಬಂಗಲೆ ಖಾಲಿ ಮಾಡಿಸುವಾಗ ಹಳೆಯ ಅಮೆರಿಕನ್ ಪತ್ರಿಕೆಗಳು ಗಾಡಿಗಟ್ಟಲೆ ಬಂದವಂತೆ. ನುಣುಪು ಹಾಳೆ, ಮಡಚಿದರೆ ನಿಲ್ಲುವುದಿಲ್ಲ, ಕಡಲೆಕಾಯಿ ಪೊಟ್ಟಣಕ್ಕೆ ಬರುವುದಿಲ್ಲ ಎಂದು ಮಾವ ಅವನ್ನು ಮೂಲೆಗೆ ಒಟ್ಟಿದ್ದರು. ಬೇಸಿಗೆ ರಜೆಯಿಡೀ ನಮ್ಮವರು ಆ ಮೂಲೆಯಲ್ಲಿ ಕೂತು, ಬ್ಲೇಡಿನಿಂದ ಕಾರಿನ ಜಾಹೀರಾತುಗಳನ್ನು ಕತ್ತರಿಸಿದರು. ಆಗ ಇವರ ಮನೆಯಲ್ಲಿ ಚಕ್ರ ಇದ್ದ ವಸ್ತು ಎಂದರೆ ಒಂದು ಸೈಕಲ್ಲು, ಅದೂ ಅಪ್ಪನದು, ಮುಟ್ಟಿದರೆ ಬೈಗುಳ. ಊರಲ್ಲಿ ದೊಡ್ಡಸ್ತಿಕೆ ತೋರಿಸುವವರನ್ನು ಆಡಿಕೊಳ್ಳುವಾಗ "ಇಂಪಾಲಾದಲ್ಲಿ ಬಂದಿಳಿದ ನೋಡು" ಎನ್ನುತ್ತಿದ್ದರಂತೆ. ಆ ಇಂಪಾಲಾದ ಚಿತ್ರ ಇವರ ಕೈಯಲ್ಲಿತ್ತು.

ಜಪಾನಿಗೆ ಬರುವಾಗ ನನ್ನ ಶ್ಯಾವಿಗೆ ಒರಳು ತೂಕ ಜಾಸ್ತಿ ಎಂದು ಊರಲ್ಲೇ ಉಳಿಯಿತು. ಜಾಹೀರಾತಿನ ಫೈಲು ಮಾತ್ರ ವಿಮಾನ ಹತ್ತಿತು. ನಾನು ಅದನ್ನು ಸರಿಯಾಗಿ ನೋಡಿದ್ದು ಇಲ್ಲಿಗೆ ಬಂದ ಮೇಲೆ. ಮನೆಯಷ್ಟು ಉದ್ದದ ಕಾರುಗಳು, ತಿಳಿನೀಲಿ, ಕೆನೆಬಿಳಿ, ಗುಲಾಬಿ. ಹಿಂದೆ ಮೀನಿನದೋ ಹಕ್ಕಿಯದೋ ರೆಕ್ಕೆ. ಒಳಗೆ ಹ್ಯಾಟು ಹಾಕಿದ ಗಂಡ, ಕೈಗವಸು ತೊಟ್ಟ ಹೆಂಡತಿ, ಎರಡು ಮಕ್ಕಳು, ಒಂದು ನಾಯಿ. ಎಲ್ಲರೂ ನಗುತ್ತಿದ್ದಾರೆ, ನಾಯಿಯೂ ನಗುತ್ತಿದೆ, ಒಬ್ಬರೂ ರಸ್ತೆ ನೋಡುತ್ತಿಲ್ಲ. ಯಾರಿಗೂ ಬೆವರಿಲ್ಲ. ಹಿಂದಿನ ಸೀಟಿನಲ್ಲಿ ಪುಳಿಯೋಗರೆ ಡಬ್ಬಿ ಹಿಡಿದ ಅತ್ತೆ ಇಲ್ಲ. ಇಂಥ ಸಂಸಾರ ಅಮೆರಿಕದಲ್ಲಾದರೂ ಇತ್ತೋ ಇಲ್ಲವೋ ಎಂದು ನಾನು ನಕ್ಕೆ.

"ಅದು ಕಾರಿನ ಚಿತ್ರ ಅಲ್ಲ ಕಣೇ. ಭಾನುವಾರದ ಚಿತ್ರ," ಎಂದರು.

ಮದುವೆಯಾದ ಮೇಲೆ ಇವರು ಆಡಿದ ಮಾತುಗಳಲ್ಲಿ ನನಗೆ ನೆನಪಿರುವ ಕೆಲವೇ ಒಳ್ಳೆಯ ಮಾತುಗಳಲ್ಲಿ ಅದೊಂದು.

ಹಿಬಿನೊ-ಸಾನ್, ಅಂದರೆ ಹಿಬಿನೊ ಅವರು, ಸಿಕ್ಕಿದ್ದು ಹಲ್ಲಿನ ಡಾಕ್ಟರ ದೆಸೆಯಿಂದ. ಅರ್ಧ ಬಾಯಿ ಮರಗಟ್ಟಿ, ಬಸ್ಸಿಗೆ ಕಾಯಲಾರದೆ ನಡೆದು ಬರುತ್ತಿದ್ದ ನಮ್ಮವರಿಗೆ ಒಂದು ಓಣಿಯಲ್ಲಿ ತೆರೆದ ಗ್ಯಾರೇಜು ಕಾಣಿಸಿತು. ಒಳಗೆ ಬಿಳಿ ಇಂಪಾಲಾ, ಐವತ್ತೊಂಬತ್ತರ ಮಾಡೆಲ್ಲು. ಜಪಾನಿನ ಗ್ಯಾರೇಜು ಜಪಾನಿನ ಕಾರಿನ ಅಳತೆಯದು. ಮೂಗಿಗಿಂತ ಮೂಗುತಿ ಭಾರ ಎನ್ನುವ ಹಾಗೆ, ಕಾರಿನ ಬಾಲ ಹಿಡಿಸದೆ, ಮನೆಯವರು ಹಿಂಗೋಡೆಯನ್ನೇ ಒಡೆದು ಬಾಲಕ್ಕೆಂದು ತಗಡಿನ ಗೂಡು ಕಟ್ಟಿದ್ದರು. ಅದು ಮೊದಲು ಅವರ ಹೆಂಡತಿ ಬಟ್ಟೆ ಒಗೆಯುವ ಯಂತ್ರ ಇಟ್ಟುಕೊಂಡಿದ್ದ ಜಾಗ. ನಮ್ಮವರು ಓಣಿಯಲ್ಲಿ ನಿಂತು ನೋಡಿದರು, ನೋಡಿದರು. ಕೊನೆಗೆ ಒಳಗಿನಿಂದ ಎಂಬತ್ತರ ಮುದುಕರೊಬ್ಬರು ಬಂದು ಏನಾದರೂ ಬೇಕಿತ್ತೇ ಎಂದು ಕೇಳಿದರು. ಮರಗಟ್ಟಿದ ಬಾಯಲ್ಲಿ ಇವರು ಹೇಳಿದ ಮೊದಲ ಮಾತು, "ಚಿತ್ರದಲ್ಲಿ ಇದು ಇನ್ನೂ ಉದ್ದ ಇದೆ."

ಹಿಬಿನೊ-ಸಾನ್ ಗಹಗಹಿಸಿ ನಕ್ಕರಂತೆ. ಆ ಗುಟ್ಟು ಅವರಿಗೂ ಗೊತ್ತಿತ್ತು. ಜಾಹೀರಾತು ಬರೆಯುವ ಕಲಾವಿದರು ಕಾರನ್ನು ರಬ್ಬರಿನ ಹಾಗೆ ಎಳೆದು, ಒಳಗಿನ ಜನರನ್ನು ಕುಗ್ಗಿಸುತ್ತಿದ್ದರು. ಹಿಬಿನೊ-ಸಾನ್ ಅವರ ಹುಚ್ಚೂ ಚಿತ್ರದಿಂದಲೇ ಹತ್ತಿದ್ದು. ಯುದ್ಧ ಮುಗಿದ ಮೇಲಿನ ಹಸಿವಿನ ವರ್ಷಗಳಲ್ಲಿ ಅಮೆರಿಕನ್ ಸೈನಿಕರು ಎಸೆದ ಪತ್ರಿಕೆಯೊಂದು ಅವರಿಗೆ ಸಿಕ್ಕಿತ್ತು. ಹುಲ್ಲಿನ ಮೇಲೆ ಕಾರು, ಪಕ್ಕದಲ್ಲಿ ಪಿಕ್ನಿಕ್ ಬುಟ್ಟಿ, ಬುಟ್ಟಿಯಲ್ಲಿ ಇಡಿಯ ಒಂದು ಹ್ಯಾಮ್, ಹಂದಿತೊಡೆಯ ಮಾಂಸ. "ನಿಜ ಹೇಳಬೇಕೆಂದರೆ ನಾನು ಆಸೆಪಟ್ಟಿದ್ದು ಹ್ಯಾಮಿಗೆ. ದೊಡ್ಡವನಾದ ಮೇಲೆ ಹ್ಯಾಮ್ ಎಲ್ಲ ಅಂಗಡಿಯಲ್ಲೂ ಸಿಕ್ಕಿತು. ಕಾರು ಉಳಿದುಬಿಟ್ಟಿತ್ತು," ಎಂದು ಆಮೇಲೊಮ್ಮೆ ನನಗೇ ಹೇಳಿದರು. ಜೀವಮಾನವೆಲ್ಲ ಸಣ್ಣ ಕಾರುಗಳ ಬಾಗಿಲು ಒತ್ತುವ ಪ್ರೆಸ್ ಮುಂದೆ ನಿಂತು ದುಡಿದವರು, ನಡುವಯಸ್ಸು ದಾಟಿದ ಮೇಲೆ ಆ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಆ ಬಿಳಿ ಬಣ್ಣ ಕಾರ್ಖಾನೆಯಲ್ಲಿ ಹೊಡೆದದ್ದೇ. ಅದರ ಮೇಲೆ ಮೆಷಿನ್ ಪಾಲಿಶ್ ಬಿದ್ದಿರಲಿಲ್ಲ. ಪ್ರತಿ ಹೊಸ ವರ್ಷದ ಮುನ್ನಾದಿನ ಹೆಂಡತಿ ಸಚಿಕೊ ಮೆತ್ತನೆ ಬಟ್ಟೆಯಲ್ಲಿ ಮೇಣ ಹಚ್ಚಿ ಕೈಯಿಂದಲೇ ಉಜ್ಜುತ್ತಿದ್ದರು. ಆಕೆ ತೀರಿಕೊಂಡಿದ್ದರು.

ಇಲ್ಲಿ ವಯಸ್ಸಾದವರು ತಾವಾಗಿಯೇ ಡ್ರೈವಿಂಗ್ ಲೈಸೆನ್ಸ್ ಹಿಂದಿರುಗಿಸುವ ಪದ್ಧತಿ ಇದೆ. ಮಗನ ಮಾತು ಕೇಳಿ ಹಿಬಿನೊ-ಸಾನ್ ಕೂಡ ಹಿಂದಿರುಗಿಸಿದರು. ಮರುವಾರ ನಮ್ಮವರನ್ನು ಕರೆದು ಕೀಲಿ ಕೈಗಿಟ್ಟು, "ಭಾನುವಾರ ಭಾನುವಾರ ನೀವು ಓಡಿಸುವುದಾದರೆ ಇಟ್ಟುಕೊಳ್ಳುತ್ತೇನೆ. ಓಡಿಸುವವರಿಲ್ಲದಿದ್ದರೆ ಮಾರಿಬಿಡುತ್ತೇನೆ. ನಿಂತ ಕಾರು ಬರೀ ತಗಡು. ತಗಡು ನಾನು ಬೇಕಾದಷ್ಟು ನೋಡಿದ್ದೇನೆ," ಎಂದರು.

ಎರಡು ವರ್ಷ ಹೀಗೇ ನಡೆಯಿತು. ಭಾನುವಾರ ಬೆಳಗ್ಗೆ ನಮ್ಮವರು ಮದುಮಗನ ಹಾಗೆ ಗಡ್ಡ ಕೆರೆದುಕೊಂಡು ಹೊರಡುವರು. ಅಮೆರಿಕದ ಕಾರಿನಲ್ಲಿ ಸ್ಟೀರಿಂಗ್ ಎಡಕ್ಕೆ. ಇಲ್ಲಿ ಎಲ್ಲ ಕಾರುಗಳಲ್ಲಿ ಡ್ರೈವರ್ ಕೂರುವ ಬಲಗಡೆ ಹಿಬಿನೊ-ಸಾನ್ ಕೋಟು, ಟೈ, ಟೋಪಿ ಹಾಕಿ ಮಂಡಿಯ ಮೇಲೆ ಕೈಯಿಟ್ಟು ಕೂರುವರು. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ಈ ಮುದುಕ ಸ್ಟೀರಿಂಗೇ ಇಲ್ಲದೆ ಓಡಿಸುತ್ತಿದ್ದಾನೆಂದು ಗಾಬರಿಯಾಗುವರು. ಅದು ಅವರಿಬ್ಬರಿಗೂ ಪ್ರತಿ ವಾರದ ತಮಾಷೆ. ನದೀತೀರದವರೆಗೆ ಹೋಗಿ, ಕೊಂಬಿನಿ ಎನ್ನುವ ಹಗಲಿರುಳು ತೆರೆದ ಪುಟ್ಟ ಅಂಗಡಿಯಲ್ಲಿ ಕಾಫಿ ಕುಡಿದು ವಾಪಸ್. ಮಾತು ಎಷ್ಟು ಆಡುತ್ತಿದ್ದರೋ ಗೊತ್ತಿಲ್ಲ. ಮನೆಗೆ ಬಂದ ಮೇಲೆ ಇವರು ಸಂಜೆಯವರೆಗೂ ಸಿಳ್ಳೆ ಹಾಕುತ್ತಿದ್ದರು. ಪಾತ್ರೆ ತೊಳೆದುಕೊಡಿ ಎಂದರೆ ತೊಳೆದೂ ಕೊಡುತ್ತಿದ್ದರು. ಆ ಕಾರಿಗೆ ನಾನು ಯಾಕೆ ಅಡ್ಡ ಬರಲಿ.

ಹೋದ ವರ್ಷ ಆಯುಧಪೂಜೆ ವಾರದ ನಡುವೆ ಬಂತು. ನಾವು ಎಂದಿನಂತೆ ಭಾನುವಾರಕ್ಕೆ ತಳ್ಳಿದೆವು. ಪರದೇಶದಲ್ಲಿ ದೇವರಿಗೂ ಕ್ಯಾಲೆಂಡರ್ ನೋಡಿಕೊಳ್ಳುವುದು ಅಭ್ಯಾಸವಾಗಿದೆ. ಅದೇ ಭಾನುವಾರ ಹಿಬಿನೊ-ಸಾನ್ ಅವರಿಗೆ ದೇವಸ್ಥಾನದಲ್ಲಿ ಹೆಂಡತಿಯ ಶ್ರಾದ್ಧ. ಮೊದಲ ಸಲ, ಒಬ್ಬರೇ ತೆಗೆದುಕೊಂಡು ಹೋಗಿ ಎಂದು ನಮ್ಮವರಿಗೆ ಕಾರು ಕೊಟ್ಟರು. ಇವರು ಸೀದಾ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ತಂದು, ನಮ್ಮ ಪುಟ್ಟ ಕಾರಿನ ಪಕ್ಕ ನಿಲ್ಲಿಸಿದರು. ಆನೆಯ ಪಕ್ಕ ಆಡು ನಿಂತಂತಿತ್ತು.

"ರೀ, ಪೂಜೆ ಮಾಡ್ತೀವಿ ಅಂತ ಅವರನ್ನ ಕೇಳಿದ್ರಾ?" ಎಂದೆ.

"ದೇವರ ಕೆಲಸಕ್ಕೆ ಪರ್ಮಿಷನ್ ಕೇಳ್ತಾರೇನೇ? ಒಳ್ಳೇದಾಗ್ಲಿ ಅಂತ ತಾನೆ ಮಾಡೋದು."

ಲಿಫ್ಟಿನಲ್ಲಿ ಇನ್ನೊಬ್ಬರು ಇದ್ದರೆ ಕೆಮ್ಮುವುದಕ್ಕೂ ಸುಮಿಮಾಸೆನ್, ಕ್ಷಮಿಸಿ, ಅನ್ನುವ ಮನುಷ್ಯ ಇವರು. ಅವತ್ತು ಮಾತ್ರ ಮೈಸೂರು ಮೈಮೇಲೆ ಬಂದಿತ್ತು. ಬೂದುಗುಂಬಳ ಸಿಗದೆ ಇಲ್ಲಿಯ ಹಸಿರು ಕುಂಬಳಕಾಯಿ ತಂದಿದ್ದೆವು. ಅದು ಕಲ್ಲು. ಮೂರು ಸಲ ಎತ್ತಿ ಹಾಕಿದರೂ ಒಡೆಯದೆ ಉರುಳಿಕೊಂಡು ಹೋಯಿತು, ನಾಲ್ಕನೆಯ ಸಲ ಸುತ್ತಿಗೆ ಬೇಕಾಯಿತು. ಚಕ್ರದಡಿ ನಿಂಬೆಹಣ್ಣು, ಮುಂಭಾಗಕ್ಕೆ ಸೇವಂತಿಗೆ ಹಾರ, ಬಾನೆಟ್ಟಿನ ನಡುವೆ ಅರಿಶಿನದ ಗೆರೆ ಎಳೆದು ಮೇಲೊಂದು ಅಂಗೈಯಗಲದ ಕುಂಕುಮ. ಗಾಳಿಗೆ ಹಾರಿಹೋಗಬಾರದೆಂದು ನಮ್ಮ ಇಂಜಿನಿಯರು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿದ್ದರು. ಆರತಿ ಎತ್ತಿದೆ. ಕಾರು ಚೆನ್ನಾಗಿ ಕಾಣುತ್ತಿತ್ತು, ಸುಳ್ಳು ಹೇಳುವುದಿಲ್ಲ. ಫೈಲಿನ ಒಂದು ಚಿತ್ರದಲ್ಲೂ ಅಂಥ ಕಾರು ಇರಲಿಲ್ಲ.

ಸಂಜೆ ಒರೆಸಿದಾಗ ಹಾರದ ಗುರುತು ಹೋಯಿತು, ಅರಿಶಿನವೂ ಮುಕ್ಕಾಲು ಹೋಯಿತು. ಕುಂಕುಮ ಹೋಗಲಿಲ್ಲ. ಅಷ್ಟು ವರ್ಷದ ಹಳೆಯ ಬಣ್ಣ ಒಣನೆಲದ ಹಾಗೆ ಎಣ್ಣೆಯನ್ನು ಹೀರಿಕೊಂಡಿತ್ತು, ಎಣ್ಣೆಯ ಜೊತೆಗೆ ಪೇಟೆ ಕುಂಕುಮದ ಕೆಂಪನ್ನೂ. ಬಿಳಿ ಬಾನೆಟ್ಟಿನ ನಟ್ಟನಡುವೆ ಗುಲಾಬಿ ಕಲೆ. ಇವರು ಸೋಪಿನ ನೀರು ಹಾಕಿದರು, ನಾನು ಕಡಲೆಹಿಟ್ಟು ಕೊಟ್ಟೆ. ಕಲೆ ಇನ್ನಷ್ಟು ಹರಡಿತೇ ಹೊರತು ಮಾಯವಾಗಲಿಲ್ಲ. ಸಚಿಕೊ ಅವರ ಕೈ ಆಡಿದ ಬಣ್ಣ ಅದು, ಅದೂ ಆಕೆಯ ಶ್ರಾದ್ಧದ ದಿನ.

ಕಾರು ಬಿಟ್ಟು ಬರುವಾಗ ಹಿಬಿನೊ-ಸಾನ್ ಇನ್ನೂ ಮನೆಗೆ ಬಂದಿರಲಿಲ್ಲ. ಮರುದಿನ ನಮ್ಮವರು ರಜೆ ಹಾಕಿ, ಕಪ್ಪು ಸೂಟು ತೊಟ್ಟು, ಒಳ್ಳೆಯ ಅಂಗಡಿಯ ಸಿಹಿ ಪೆಟ್ಟಿಗೆ ಹಿಡಿದು ಕ್ಷಮೆ ಕೇಳಲು ಹೋದರು. ಇಲ್ಲಿ ತಪ್ಪೊಪ್ಪಿಕೊಳ್ಳುವುದಕ್ಕೆ ಹೀಗೇ ಹೋಗಬೇಕು. ಅರ್ಧ ಗಂಟೆಯಲ್ಲಿ ವಾಪಸ್ ಬಂದರು, ಮುಖ ಬೂದಿಯಾಗಿತ್ತು.

"ಏನಂದ್ರು?"

"ಮನಸ್ಸಿಗೆ ಹಚ್ಕೋಬೇಡಿ ಅಂದ್ರು. ನಮ್ಮಲ್ಲೂ ಕಾರಿಗೆ ಪೂಜೆ ಮಾಡಿಸ್ತೀವಿ, ಆದರೆ ನಮ್ಮ ಪೂಜಾರಿ ದೂರದಿಂದ ಕಾಗದದ ಚಾಮರ ಬೀಸ್ತಾರೆ, ಕಾರನ್ನ ಮುಟ್ಟಲ್ಲ ಅಂದ್ರು. ನಗ್ತಾ ಅಂದ್ರು."

"ಮತ್ತೇನು? ಸರಿಹೋಯ್ತಲ್ಲ."

"ಕೊನೇಲಿ, ಮತ್ತೆ ಯಾವಾಗಲಾದರೂ ಬನ್ನಿ ಅಂದ್ರು. ಭಾನುವಾರ ಅನ್ಲಿಲ್ಲ. ಇನ್ನು ಬರಬೇಡ ಅಂತ ಅರ್ಥ ಲೀಲಾ."

"ಬರಬೇಡ ಅಂತ ಹೇಳಿದ್ರಾ?"

"ಇಲ್ಲಿ ಹಾಗೆ ಯಾರೂ ಹೇಳಲ್ಲ. ನಾವೇ ತಿಳ್ಕೋಬೇಕು."

ಹದಿನೆಂಟು ವರ್ಷ ಆಫೀಸಿನಲ್ಲಿ ಹೇಳದ ಮಾತನ್ನು ತಿಳಿದುಕೊಂಡೇ ಮೇಲೆ ಬಂದವರು. ಮೀಟಿಂಗಿನಲ್ಲಿ ಯಾರಾದರೂ "ಸ್ವಲ್ಪ ಕಷ್ಟ" ಎಂದರೆ ಸಾಧ್ಯವೇ ಇಲ್ಲ ಎಂದು ಅರ್ಥ, "ಯೋಚಿಸೋಣ" ಎಂದರೆ ಮುಗಿಯಿತು ಎಂದು ಅರ್ಥ. ಈ ವಿದ್ಯೆಯಲ್ಲಿ ಇವರು ಇಲ್ಲಿಯವರನ್ನೂ ಮೀರಿಸಿದ್ದಾರೆ. ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ಫೋನ್ ಮಾಡಿ ಎಂದರೆ, ಮಾಡಿದರೆ ಅವರು ಪಾಪ ಬನ್ನಿ ಅನ್ನಲೇಬೇಕಾಗುತ್ತದೆ, ಮುಜುಗರ ಎಂದರು. ಸಿಳ್ಳೆ ನಿಂತಿತು. ಭಾನುವಾರಗಳಲ್ಲಿ ಬಾಲ್ಕನಿಯಲ್ಲಿ ಕೂತು, ಕೆಳಗೆ ಯಾರಾದರೂ ರಿವರ್ಸ್ ತೆಗೆದರೆ ತಾವೇ ಬರೆದ ಕೂಗನ್ನು ಕೇಳುತ್ತಿದ್ದರು. ಗಂಡಸು ಹೀಗೆ ಸುಮ್ಮನಾಗುವುದು ನೋಡಲು ಕಷ್ಟ. ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಚಳಿ ಬಿತ್ತು. ಒಂದು ಗುರುವಾರ ಸೂಪರ್ ಮಾರ್ಕೆಟ್ಟಿನ ತೋಫು ಸಾಲಿನಲ್ಲಿ ಹಿಬಿನೊ-ಸಾನ್ ಸಿಕ್ಕರು. ಬುಟ್ಟಿಯಲ್ಲಿ ಒಬ್ಬರಿಗಾಗುವ ಸುಶಿ ಪೊಟ್ಟಣ. ತುಂಬಾ ಇಳಿದುಹೋಗಿದ್ದರು. ಬಗ್ಗಿ ನಮಸ್ಕರಿಸಿ, ಗುರು-ಸಾನ್ ಅವರಿಗೆ ಕೆಲಸ ಜಾಸ್ತಿ ಇರಬೇಕು, ಆರೋಗ್ಯ ನೋಡಿಕೊಳ್ಳಲಿ ಎಂದರು. ಆಮೇಲೆ, ಹವಾಮಾನದ ಮಾತಾಡುವ ದನಿಯಲ್ಲೇ, ಕಾರನ್ನು ಯೊಕೊಹಾಮಾದ ಒಬ್ಬರಿಗೆ ಮಾರಿದೆ, ನಾಳಿದ್ದು ಶನಿವಾರ ಲಾರಿ ಬರುತ್ತದೆ ಎಂದರು.

ನನ್ನ ಜಪಾನಿ ಅಂಗಡಿಗಳಲ್ಲಿ, ಮಗಳ ಶಾಲೆಯ ಬಾಗಿಲಲ್ಲಿ ಕಲಿತದ್ದು. ಗೌರವದ ರೂಪ, ವಿನಯದ ರೂಪ ಯಾವುದೂ ನನಗೆ ಬರುವುದಿಲ್ಲ. ನೀನು ಐದು ವರ್ಷದ ಮಗುವಿನ ಹಾಗೆ ಮಾತಾಡುತ್ತೀಯ ಎಂದು ಮಗಳು ಸ್ಪಂದನಾ ಇಂಗ್ಲಿಷಿನಲ್ಲಿ ನಗುತ್ತಾಳೆ. ಆ ಐದು ವರ್ಷದ ಭಾಷೆಯಲ್ಲೇ ಕೇಳಿಬಿಟ್ಟೆ.

"ಹಿಬಿನೊ-ಸಾನ್, ನಿಮಗೆ ಕೋಪ ಇದೆಯಾ, ಇಲ್ಲವಾ?"

ಪಕ್ಕದಲ್ಲಿ ಮೊಸರು ಆರಿಸುತ್ತಿದ್ದ ಹೆಂಗಸು ತಳ್ಳುಗಾಡಿ ತಿರುಗಿಸಿಕೊಂಡು ಹೋದಳು. ಹಿಬಿನೊ-ಸಾನ್ ತೋಫುಗಳನ್ನು ತುಂಬಾ ಹೊತ್ತು ನೋಡಿದರು.

"ಇದೆ," ಎಂದರು. "ತುಂಬಾ ಇದೆ."

"ಕಲೆಗಾ?"

"ಕಲೆ ನೋಡಿದ ದಿನ ಇಡೀ ದಿನ ಇತ್ತು. ಆಮೇಲೆ ಕಡಿಮೆಯಾಯಿತು. ಸಚಿಕೊ ಇದ್ದಿದ್ದರೆ ನಗುತ್ತಿದ್ದಳು." ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಪ್ರತಿ ಭಾನುವಾರ ಟೈ ಕಟ್ಟಿಕೊಂಡು ಕೂತೆ. ಸೀಟು ಒರೆಸಿಟ್ಟೆ. ಮಧ್ಯಾಹ್ನದವರೆಗೆ ಕಾದೆ. ಬರಲಿಲ್ಲ. ಮುದುಕನನ್ನು ಸುತ್ತಾಡಿಸಿ ಸಾಕಾಗಿರಬೇಕು ಅಂದುಕೊಂಡೆ. ಆ ಕೋಪ ಹೋಗಿಲ್ಲ."

"ಫೋನ್ ಯಾಕೆ ಮಾಡಲಿಲ್ಲ?"

"ಬಿಡುವಿಲ್ಲದವರಿಗೆ ತೊಂದರೆ ಕೊಡಬಾರದಲ್ಲ."

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಇಬ್ಬರೂ ಮಾತು ಬಲ್ಲವರೇ. ಒಂದು ಜಗಳವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಇಬ್ಬರ ಸೌಜನ್ಯಕ್ಕೆ ಸಿಕ್ಕಿ ಕಾರು ಹೋಯಿತಲ್ಲ ಎಂದು ನಾನು ಅಲ್ಲೇ ಕನ್ನಡದಲ್ಲಿ ಗೊಣಗಿದೆ. ಮಾರಾಟ ನಿಲ್ಲಿಸಲು ಆಗುವುದಿಲ್ಲವೇ ಎಂದು ಕೇಳಿದೆ. ಮಾತು ಕೊಟ್ಟಾಗಿದೆ ಎಂದರು. ಅದರ ಮುಂದೆ ಇಲ್ಲಿ ಮಾತಿಲ್ಲ.

ಮನೆಗೆ ಬಂದು ನಡೆದದ್ದನ್ನೆಲ್ಲ ಇವರಿಗೆ ಹೇಳಿದೆ. ಇವರು ಕೋಟನ್ನೂ ಸರಿಯಾಗಿ ಹಾಕಿಕೊಳ್ಳದೆ ಓಡಿದರು. ವಾಪಸ್ ಬಂದಾಗ ಕಾಫಿ ಕೊಟ್ಟು ಕೇಳಿದೆ.

"ಏನಂದ್ರು?"

"ಸುಮಿಮಾಸೆನ್ ಅಂದ್ರು."

"ನೀವೇನಂದ್ರಿ?"

"ನಾನೂ ಸುಮಿಮಾಸೆನ್ ಅಂದೆ."

"ಆಮೇಲೆ?"

"ಆಮೇಲೆ ಅವರು ಮತ್ತೆ ಅಂದ್ರು."

ಹಣೆ ಚಚ್ಚಿಕೊಂಡೆ. ಕಾರು ಹೋದರೆ ಹೋಗಲಿ, ಈ ಬಾಗುವುದರಲ್ಲೇ ಇವರಿಬ್ಬರೂ ಒಬ್ಬರಿಗೊಬ್ಬರು ಇಲ್ಲವಾಗುತ್ತಾರಲ್ಲ ಎಂಬುದೇ ನನ್ನ ಸಂಕಟ. ಹದಿನೆಂಟು ವರ್ಷದಲ್ಲಿ ನಮ್ಮವರಿಗೆ ಈ ಊರಲ್ಲಿ ಸಿಕ್ಕಿದ ಒಬ್ಬ ಸ್ನೇಹಿತ ಆತ. ಆತನಿಗೂ ಇನ್ನೊಬ್ಬರು ಇದ್ದ ಹಾಗೆ ಕಾಣಲಿಲ್ಲ.

ಶನಿವಾರ ನಾನೂ ಹೋದೆ. ಲಾರಿ ಓಣಿಯ ತುದಿಯಲ್ಲಿ ನಿಂತಿತ್ತು. ಕೊಂಡವರ ಕಡೆಯ ಹುಡುಗ ಕಲೆಯ ಮೇಲೆ ಬೆರಳಾಡಿಸಿ, ಇದನ್ನು ಕೆರೆದು ಹೊಸ ಬಣ್ಣ ಹೊಡೆದರೆ ಗೊತ್ತೇ ಆಗುವುದಿಲ್ಲ ಎಂದ. ಲಾರಿಗೆ ಹತ್ತಿಸುವವರು ಯಾರು ಎಂದಾಗ ಹಿಬಿನೊ-ಸಾನ್ ಕೀಲಿಯನ್ನು ಎರಡೂ ಕೈಯಲ್ಲಿ ನಮ್ಮವರಿಗೆ ಕೊಟ್ಟರು. ಆಮೇಲೆ ಲಾರಿಯ ಪಕ್ಕ ನಿಂತು ಕೈ ಬೀಸುತ್ತ "ಓರಾಯ್, ಓರಾಯ್" ಎಂದು ದಾರಿ ತೋರಿಸಿದರು. ನಮ್ಮ ಕಂಡಕ್ಟರುಗಳು "ರೈಟ್ ರೈಟ್" ಅನ್ನುತ್ತಾರಲ್ಲ, ಹಾಗೆ. ಆ ಅಗಲದ ಕಾರನ್ನು ಅಷ್ಟು ಕಿರಿದಾದ ಹಲಗೆಗಳ ಮೇಲೆ ನಮ್ಮವರು ಒಂದು ಸಲವೂ ತಡವರಿಸದೆ ಹತ್ತಿಸಿದರು. ಲಾರಿ ತಿರುವು ದಾಟಿ ಮರೆಯಾಗುವವರೆಗೂ ಇಬ್ಬರೂ ಅಕ್ಕಪಕ್ಕ ನಿಂತು ನಡು ಬಗ್ಗಿಸಿದ್ದರು. ತಲೆ ಎತ್ತಿ, ಅರಿಗಾತೋ, ಧನ್ಯವಾದ ಎಂದಷ್ಟೇ ಹೇಳಿ ಹಿಬಿನೊ-ಸಾನ್ ಒಳಗೆ ಹೋಗಿ ಷಟರ್ ಎಳೆದುಕೊಂಡರು. ಇಷ್ಟೇ ಇನ್ನು ಎಂದು ನನಗೆ ಅನ್ನಿಸಿತು.

ಮರುದಿನ ಬೆಳಗ್ಗೆ ದೋಸೆ ಹುಯ್ಯುತ್ತಿದ್ದೆ. ಇವರು ಗಡ್ಡ ಕೆರೆದು, ಇಸ್ತ್ರಿ ಮಾಡಿದ ಶರ್ಟು ಹಾಕಿ, ನಮ್ಮ ಪುಟ್ಟ ಕಾರಿನ ಕೀಲಿ ಹುಡುಕುತ್ತಿದ್ದರು.

"ಎಲ್ಲಿಗೆ?" ಎಂದೆ.

"ಇವತ್ತು ಭಾನುವಾರ ಅಲ್ವಾ," ಎಂದರು.

ಹೋದರು. ಫೋನ್ ಮಾಡಲಿಲ್ಲ, ಸಿಹಿ ಪೆಟ್ಟಿಗೆ ಒಯ್ಯಲಿಲ್ಲ, ತೊಂದರೆಯಾಗುತ್ತದೋ ಎಂದು ಯೋಚಿಸಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ನಾನು ಕಿಟಕಿಗೂ ಒಲೆಗೂ ಓಡಾಡಿದೆ. ಬಾಗಿಲು ತೆಗೆಯದೇ ಹೋದರೋ, ತೆಗೆದು ಮತ್ತೆ ಸುಮಿಮಾಸೆನ್ ಶುರುವಾಯಿತೋ. ಒಂದು ಗಂಟೆಗೆ ಬಂದರು. ಕಣ್ಣು ಕೆಂಪಾಗಿತ್ತು, ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ. ಷೂ ಬಿಚ್ಚುವುದನ್ನೂ ಮರೆತು ಬಾಗಿಲಲ್ಲೇ ನಿಂತರು.

"ಲೀಲಾ, ಹಿಬಿನೊ-ಸಾನ್ ಇವತ್ತು ನನ್ನನ್ನ ಬೈದ್ರು ಕಣೇ," ಎಂದರು. "ಹತ್ತಿದಾಗಿನಿಂದ ಇಳಿಯೋವರೆಗೂ, ನದಿವರೆಗೆ ಹೋಗಿ ಬರೋ ದಾರಿಯುದ್ದಕ್ಕೂ ಬೈದ್ರು."